ಗೋಧಿ ಬಿಟ್ಟ ಮೇಲೆ ಏರಿದ ತೂಕ

(ತೋಟದ ಕುಟುಂಬಗಳ ಭಾನುವಾರದ ಕೂಟದಲ್ಲಿ ಆಡಿದ ಮಾತುಗಳು)



ತೂಕದ ಮಾತು ನಮಗೆ ಹೊಸದಲ್ಲ. ದಿನವೂ ಎಲೆ ಚೀಲ ಹೊತ್ತು ತಕ್ಕಡಿಯ ಮುಂದೆ ಸಾಲು ನಿಲ್ಲುವವರು ನಾವು. ಚೀಲಕ್ಕೆ ಎಷ್ಟು ಕಳೆದರು, ಒದ್ದೆ ಎಲೆಗೆ ಎಷ್ಟು ಕಳೆದರು ಎಂದು ಕಣ್ಣಿಟ್ಟು ನೋಡುತ್ತೇವೆ. ಒಂದು ಕಿಲೋ ಹೆಚ್ಚುಕಡಿಮೆ ಆದರೆ ಏಕೆಂದು ಕೇಳುತ್ತೇವೆ. ಆದರೆ ನಮ್ಮ ಶರೀರದ ತೂಕ ಇಳಿದಾಗಲೂ ಏರಿದಾಗಲೂ ಏಕೆಂದು ಕೇಳುವುದಿಲ್ಲ. ಹಾಗೆ ಕೇಳದೆ ಹೋದದ್ದರಿಂದ ನಮ್ಮ ಮನೆಯಲ್ಲಿ ಎರಡು ಸಲ ನಷ್ಟವಾಯಿತು. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತೇವೆ.

ನಮ್ಮ ಮನೆಯಾಕೆಗೆ ಬಹಳ ವರ್ಷ ಹೊಟ್ಟೆ ಸರಿಯಿರಲಿಲ್ಲ. ಆಗಾಗ ಭೇದಿ, ಹೊಟ್ಟೆ ಉಬ್ಬರ, ಮುಖ ಬಿಳಿಚಿಕೊಂಡು ಏರು ಹತ್ತಿದರೆ ಏದುಸಿರು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಟ್ಟರು, ಹುಳುವಿನ ಔಷಧಿ ಕೊಟ್ಟರು. ಯಾವುದೂ ನಾಟಲಿಲ್ಲ. ತೂಕ 38 ಕಿಲೋಗೆ ಇಳಿಯಿತು. ಕೊನೆಗೆ ದೊಡ್ಡ ಆಸ್ಪತ್ರೆಯಲ್ಲಿ ಒಂದು ರಕ್ತಪರೀಕ್ಷೆ ಮಾಡಿ, ಬಾಯಿಯ ಮೂಲಕ ಕೊಳವೆ ಇಳಿಸಿ, ಸಣ್ಣ ಕರುಳಿನ ಚೂರು ತೆಗೆದು ನೋಡಿದರು. ಸೀಲಿಯಾಕ್ ರೋಗ ಎಂದರು. ಗೋಧಿ, ಬಾರ್ಲಿ, ರೈ ಎಂಬ ಧಾನ್ಯಗಳನ್ನು ಜೀವಮಾನವಿಡೀ ಮುಟ್ಟಬಾರದು, ಇದಕ್ಕೆ ಅದೇ ಔಷಧಿ ಎಂದರು.

ಗೋಧಿ ಹಿಟ್ಟು ನಾದಿದಾಗ ರಬ್ಬರಿನಂತೆ ಎಳೆಯುತ್ತದಲ್ಲವೇ? ಆ ಎಳೆತ ಕೊಡುವ ಅಂಟಿನ ಹೆಸರು ಗ್ಲುಟೆನ್. ನಮ್ಮ ಸಣ್ಣ ಕರುಳಿನ ಒಳಗೆ ಚಿಗುರಿನಂತಹ ಸಣ್ಣ ಸಣ್ಣ ಎಳೆಗಳಿವೆ. ಊಟದ ಸಾರವನ್ನು ಹೀರುವುದು ಅವುಗಳ ಕೆಲಸ. ಈ ರೋಗ ಇರುವವರು ಗೋಧಿ ತಿಂದರೆ ಶರೀರದ ಕಾವಲೇ ತಿರುಗಿಬಿದ್ದು ಆ ಎಳೆಗಳನ್ನು ಸವೆಸಿಬಿಡುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಗೋಧಿ ನಿಲ್ಲಿಸಿದರೆ, ಕವಾತು ಮಾಡಿದ ಟೀ ಗಿಡ ಚಿಗುರುವ ಹಾಗೆ, ಅವು ನಿಧಾನವಾಗಿ ಮತ್ತೆ ಬೆಳೆಯುತ್ತವೆ. ದೊಡ್ಡವರಲ್ಲಿ ಪೂರ್ತಿ ಮಾಯಲು ತಿಂಗಳುಗಳು, ಕೆಲವರಿಗೆ ವರ್ಷಗಳೇ ಬೇಕು.

ಗೋಧಿಯೇ ಇದಕ್ಕೆ ಕಾರಣವೆಂದು ತೋರಿಸಿಕೊಟ್ಟವರು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ. 1944-45ರ ಚಳಿಗಾಲದಲ್ಲಿ ಯುದ್ಧದ ಕ್ಷಾಮ ಬಂದು ಆ ದೇಶದಲ್ಲಿ ರೊಟ್ಟಿಯೇ ಸಿಗದಾಯಿತು. ಆಗ ಈ ರೋಗದ ಮಕ್ಕಳು ಚೇತರಿಸಿಕೊಂಡದ್ದು ಅವರ ಅನುಮಾನಕ್ಕೆ ಬಲ ಕೊಟ್ಟಿತು. 1950ರಲ್ಲಿ ಅವರು ಇದನ್ನು ಪ್ರಬಂಧವಾಗಿ ಬರೆದರು. ಗೋಧಿ ಬಿಟ್ಟ ಮಕ್ಕಳ ತೂಕ ಏರಿತು ಎಂಬುದೇ ವಾಸಿಯಾಗುತ್ತಿರುವುದರ ಗುರುತಾಗಿತ್ತು. ಇದನ್ನು ನೆನಪಿಡಿ. ಈ ರೋಗದಲ್ಲಿ ತೂಕ ಏರುವುದು ಮೊದಲಿಗೆ ಶುಭಸೂಚನೆ.

ನಮ್ಮಾಕೆಗೂ ಹಾಗೆಯೇ ಆಯಿತು. ಆರು ತಿಂಗಳಲ್ಲಿ 48 ಕಿಲೋ. ಮುಖಕ್ಕೆ ರಕ್ತ ಬಂತು, ಚೀಲ ತುಂಬತೊಡಗಿತು. ನಾವು ದೇವರಿಗೆ ಸ್ತೋತ್ರ ಹೇಳಿದೆವು. ಆದರೆ ತೂಕ ಅಲ್ಲಿಗೆ ನಿಲ್ಲಲಿಲ್ಲ. ವರ್ಷ ತುಂಬುವಾಗ 56 ಆಯಿತು. ಲೈನಿನಲ್ಲಿ ಮಾತು ಶುರುವಾಯಿತು. "ಏನವ್ವಾ, ಕಾಯಿಲೆ ಅಂತೀಯ, ಹೀಗೆ ಊದ್ತಾ ಇದ್ದೀಯಲ್ಲ?" ಎಂದರು. ಹೇಳಿದವರು ತಮಾಷೆಗೆ ಹೇಳಿದ್ದು, ಆದರೆ ಅದು ಮನಸ್ಸಿಗೆ ನಾಟಿತು. ಮೊದಲು ರಾತ್ರಿಯ ಊಟ ಬಿಟ್ಟಳು. ಆಮೇಲೆ, ಪಥ್ಯ ಮಾಡಿಯೇ ಹೀಗಾಗುವುದಾದರೆ ಪಥ್ಯ ಏಕೆ ಎಂದು ನಮಗೆ ತಿಳಿಯದಂತೆ ಬನ್ನು, ಪರೋಟ ತಿನ್ನತೊಡಗಿದಳು. ಮೂರು ವಾರದಲ್ಲಿ ಹಳೆಯ ಭೇದಿ ಮರಳಿತು. ಎರಡು ವಾರದ ಕೂಲಿ ಹೋಯಿತು. ಅವಳನ್ನು ಬೈಯಲು ನಮಗೆ ಬಾಯಿ ಬರಲಿಲ್ಲ. ಏಕೆಂದರೆ ತೂಕ ಏಕೆ ಏರುತ್ತಿದೆ ಎಂದು ನಾವೂ ಕೇಳಿರಲಿಲ್ಲ.

ಡಾಕ್ಟರಮ್ಮ ಬೈಯದೆ ಲೆಕ್ಕ ಮಾಡಿ ತೋರಿಸಿದರು. ನಮ್ಮಾಕೆಯ ಎತ್ತರ 150 ಸೆಂಟಿಮೀಟರ್. ಅಷ್ಟು ಎತ್ತರಕ್ಕೆ ಸುಮಾರು 42ರಿಂದ 51 ಕಿಲೋ ಸರಿಯಾದ ತೂಕ. ಹಾಗಾದರೆ ಮೊದಲು ಬಂದ ಹತ್ತು ಕಿಲೋ ರೋಗ ಕಿತ್ತುಕೊಂಡಿದ್ದ ಬಾಕಿ, ಅದು ಮರಳಿ ಬರಲೇಬೇಕು. ಅದರ ಮೇಲಿನದ್ದು ಮಾತ್ರ ನಾವು ವಿಚಾರಿಸಬೇಕಾದದ್ದು.

ಅದು ಬಂದ ದಾರಿ ಹೀಗೆ. ಮೊದಲನೆಯದು, ಕರುಳು ಕೆಟ್ಟಿದ್ದಾಗ ಉಂಡದ್ದರಲ್ಲಿ ಬಹುಪಾಲು ವ್ಯರ್ಥವಾಗುತ್ತಿತ್ತು. ಕರುಳು ಮಾಗಿದ ಮೇಲೆ ಉಂಡದ್ದೆಲ್ಲ ಮೈಗೆ ಹತ್ತುತ್ತದೆ, ಹಸಿವೂ ಚೆನ್ನಾಗಿರುತ್ತದೆ, ಆದರೆ ತಟ್ಟೆ ಮಾತ್ರ ಹಳೆಯ ಅಳತೆಯದೇ ಆಗಿತ್ತು. ಎರಡನೆಯದು, ಚಪಾತಿ, ಬನ್ನು ಹೋದ ಜಾಗಕ್ಕೆ ನಾವು ಏನನ್ನು ತಂದೆವು? ಮೂರು ಹೊತ್ತೂ ಬಿಳಿ ಅನ್ನ. ಸಂಜೆಯ ಚಹಾದ ಜೊತೆ ಮರಗೆಣಸಿನ ಚಿಪ್ಸು, ಮುರುಕು. ಮಗ ಪೇಟೆಯಿಂದ ದುಬಾರಿ ಕೊಟ್ಟು ತಂದ ಗ್ಲುಟೆನ್ ಇಲ್ಲದ ಬಿಸ್ಕತ್ತು. ಗೋಧಿ ಇಲ್ಲ ಎಂದಾಕ್ಷಣ ಅದು ಪಥ್ಯದ ತಿಂಡಿಯಲ್ಲ. ಅಂಟು ತೆಗೆದ ಕಡೆ ಪಿಷ್ಟ, ಸಕ್ಕರೆ, ಕೊಬ್ಬು ತುಂಬಿರುವುದುಂಟು. ಒಂದು ದೊಡ್ಡ ಚಮಚ ಎಣ್ಣೆಯಲ್ಲೇ ಸುಮಾರು 120 ಕ್ಯಾಲೊರಿ ಇದೆ. ದಿನಕ್ಕೆ ಆರು ಲೋಟ ಚಹಾಕ್ಕೆ ಎರಡೆರಡು ಚಮಚ ಸಕ್ಕರೆ ಹಾಕಿದರೆ ಅದೇ 200 ದಾಟುತ್ತದೆ.

ಮೂರನೆಯದು ಥೈರಾಯ್ಡ್. ಸೀಲಿಯಾಕ್ ಇರುವವರಲ್ಲಿ ಥೈರಾಯ್ಡ್ ಗ್ರಂಥಿಯ ತೊಂದರೆ ಉಳಿದವರಿಗಿಂತ ಹೆಚ್ಚು. ಅದು ಮಂದವಾದರೆ ಊಟ ಹೆಚ್ಚದಿದ್ದರೂ ತೂಕ ಏರುತ್ತದೆ, ಚಳಿ, ಆಯಾಸ, ಮಲಬದ್ಧತೆ ಇರುತ್ತದೆ. ಅದಕ್ಕೆ ರಕ್ತಪರೀಕ್ಷೆ ಇದೆ, ಮಾತ್ರೆ ಇದೆ. ನಮ್ಮಾಕೆಗೆ ಪರೀಕ್ಷೆ ಮಾಡಿದರು, ಆ ತೊಂದರೆ ಇರಲಿಲ್ಲ. ಇನ್ನೊಂದು ಮಾತು: ಕೆಲವೇ ದಿನಗಳಲ್ಲಿ ತೂಕ ಏರಿ, ಕಾಲು ಊದಿ, ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿದ್ದು ಹಾಗೆಯೇ ಉಳಿದರೆ ಅದು ಕೊಬ್ಬಲ್ಲ, ನೀರು. ತಡಮಾಡದೆ ಡಾಕ್ಟರರ ಬಳಿಗೆ ಹೋಗಬೇಕು.

ಆಮೇಲೆ ನಾವು ಮಾಡಿದ್ದು ಇಷ್ಟೇ. ಯಾವ ಹೊತ್ತಿನ ಊಟವನ್ನೂ ಬಿಡಲಿಲ್ಲ. ಎಲೆ ಕೊಯ್ಯುವವರು ಉಪವಾಸವಿದ್ದರೆ ಸಂಜೆಗೆ ಸಿಕ್ಕಿದ್ದನ್ನು ತಿನ್ನುತ್ತಾರೆ. ಒಂದು ಹೊತ್ತಿನ ಅನ್ನದ ಬದಲು ರಾಗಿ ಮುದ್ದೆ ಅಥವಾ ರಾಗಿ ರೊಟ್ಟಿ ಮಾಡಿದೆವು. ರಾಗಿ, ಜೋಳ, ಸಜ್ಜೆ, ನವಣೆ ಯಾವುದರಲ್ಲೂ ಗ್ಲುಟೆನ್ ಇಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು ಇದ್ದರೆ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಇದ್ದರೆ ಹೊಟ್ಟೆ ಬೇಗ ತುಂಬುತ್ತದೆ. ರಾಗಿಯ ಸುಣ್ಣದ ಅಂಶ ಈ ರೋಗದಲ್ಲಿ ಸವೆಯುವ ಮೂಳೆಗೂ ಬೇಕಾದದ್ದು. ನೀಲಗಿರಿಯ ರೇಷನ್ ಅಂಗಡಿಗಳಲ್ಲಿ 2 ಕಿಲೋ ಅಕ್ಕಿಯ ಬದಲು 2 ಕಿಲೋ ರಾಗಿ ಕೊಡುವ ಯೋಜನೆ 2023ರ ಮೇ ತಿಂಗಳಲ್ಲಿ ಆರಂಭವಾಯಿತು. ನಮ್ಮ ಅಜ್ಜಿಯರ ಧಾನ್ಯವನ್ನು ಕೇಳಿ ಪಡೆಯಲು ನಾಚಿಕೆ ಬೇಡ. ತಟ್ಟೆಯ ಅರ್ಧದಷ್ಟು ಸೊಪ್ಪು ತರಕಾರಿ, ಜೊತೆಗೆ ಹುರುಳಿ, ಕಡಲೆ, ಮೊಟ್ಟೆ ಅಥವಾ ಮೀನು. ಚಹಾಕ್ಕೆ ಅರ್ಧ ಚಮಚ ಸಕ್ಕರೆ. ಚಿಪ್ಸಿನ ಬದಲು ಹುರಿದ ಕಡಲೆಕಾಯಿ ಒಂದು ಹಿಡಿ, ಎರಡಲ್ಲ. ತೂಕ ನೋಡುವುದು ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ. ಎಂಟು ತಿಂಗಳಲ್ಲಿ 51ಕ್ಕೆ ಬಂತು. ಒಂದು ತುಂಡು ಗೋಧಿಯನ್ನೂ ಮುಟ್ಟಲಿಲ್ಲ.

ಗೋಧಿ ಕಳ್ಳದಾರಿಯಲ್ಲೂ ಬರುತ್ತದೆ. ರವೆ, ಮೈದಾ, ಶಾವಿಗೆ ಎಲ್ಲ ಗೋಧಿಯೇ. ಅಡಿಗೆಯ ಇಂಗಿನ ಪುಡಿಯಲ್ಲಿ ಗೋಧಿ ಹಿಟ್ಟು ಬೆರೆಸುವುದುಂಟು. ಮಾಲ್ಟ್ ಎಂದರೆ ಸಾಮಾನ್ಯವಾಗಿ ಬಾರ್ಲಿ. ಗಿರಣಿಯಲ್ಲಿ ಗೋಧಿ ಬೀಸಿದ ಮೇಲೆ ನಮ್ಮ ರಾಗಿ ಹಾಕಿದರೆ ಅದರಲ್ಲೂ ಗೋಧಿ ಸೇರುತ್ತದೆ. ಆದ್ದರಿಂದ ಗೋಧಿ ಬೀಸದ ಕಲ್ಲನ್ನೇ ಹುಡುಕಬೇಕು, ಇಲ್ಲವೇ ಮನೆಯಲ್ಲೇ ಬೀಸಬೇಕು.

ಬಲಿಪೂಜೆಯ ರೊಟ್ಟಿಯೂ ಗೋಧಿಯದೇ ಅಲ್ಲವೇ ಎಂದು ಕೆಲವರು ನಮ್ಮನ್ನು ಕೇಳಿದ್ದಾರೆ. ಹೌದು. ಗ್ಲುಟೆನ್ ಪೂರ್ತಿ ತೆಗೆದ ರೊಟ್ಟಿ ಸಲ್ಲದು, ಆದರೆ ಅದು ಬಹಳ ಕಡಿಮೆ ಇರುವ ರೊಟ್ಟಿ ಸಲ್ಲುತ್ತದೆ, ಅದೂ ಆಗದವರು ದ್ರಾಕ್ಷಾರಸದ ರೂಪದಲ್ಲಿ ಮಾತ್ರ ಸ್ವೀಕರಿಸಬಹುದು ಎಂದು ರೋಮ್ 2003ರ ಪತ್ರದಲ್ಲಿ ತಿಳಿಸಿದೆ. ಗುರುಗಳಿಗೆ ಮುಂಚಿತವಾಗಿ ಹೇಳಿದರೆ ಸಾಕು. ಪಥ್ಯಕ್ಕಾಗಿ ಯಾರೂ ಪರಮಪ್ರಸಾದದಿಂದ ದೂರ ಉಳಿಯಬೇಕಾಗಿಲ್ಲ.

ಒಂದು ಎಚ್ಚರಿಕೆ. ಇದನ್ನು ಕೇಳಿ ನಾಳೆಯೇ ಯಾರೂ ತಾವಾಗಿ ಗೋಧಿ ಬಿಡಬೇಡಿ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದರೆ ರೋಗ ಇದ್ದರೂ ಕಾಣದೆ ಹೋಗಬಹುದು. ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಮಾತ್ರೆ ನುಂಗಿದರೂ ರಕ್ತ ಏರದ ಅಕ್ಕತಂಗಿಯರು ನಿಮ್ಮ ಲೈನಿನಲ್ಲಿದ್ದರೆ ಸಂಘದವರಿಗೆ ತಿಳಿಸಿ. ಆಸ್ಪತ್ರೆಗೆ ಜೊತೆಯಲ್ಲಿ ನಾವು ಬರುತ್ತೇವೆ.

ಕೊನೆಯದಾಗಿ, ಕಾಯಿಲೆಯಿಂದ ಎದ್ದು ಬಂದವರ ಮೈ ನೋಡಿ ಮಾತಾಡುವ ಮೊದಲು ಸ್ವಲ್ಪ ತಾಳೋಣ. ಎಲೆಯ ತೂಕಕ್ಕೆ ನ್ಯಾಯ ಕೇಳುವ ನಾವು ಅವರ ತೂಕಕ್ಕೂ ನ್ಯಾಯವಾಗಿ ಲೆಕ್ಕ ಮಾಡೋಣ.