ಬಾಣಂತಿಯ ಮನಸ್ಸು ಮತ್ತು ಊಟದ ಎಣ್ಣೆ

(ರೈತ ದಂಪತಿಗಳ ತರಬೇತಿ ಶಿಬಿರದಲ್ಲಿ ಮಾಡಿದ ಭಾಷಣ)



ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಬಾಣಂತಿಯು ಕಾರಣವಿಲ್ಲದೆ ಕಣ್ಣೀರು ಹಾಕುವುದುಂಟು. ಇದು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ. ಆದರೆ ಎರಡು ವಾರ ಕಳೆದರೂ ಮಂಕು ಬಿಡದಿದ್ದರೆ, ಕೂಸು ಮಲಗಿದಾಗಲೂ ತಾಯಿಗೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ತಾನು ಯಾವುದಕ್ಕೂ ಬಾರದವಳು ಎಂದು ಆಕೆ ಹೇಳತೊಡಗಿದರೆ, ಅದು ಖಿನ್ನತೆ ಎಂಬ ಕಾಯಿಲೆಯಿರಬಹುದು. ಬಸುರಿನಲ್ಲಿಯೇ ಇದು ಆರಂಭವಾಗುವುದೂ ಉಂಟು. ನಮ್ಮ ದೇಶದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟಿಸಿದ ವರದಿಯಂತೆ ನೂರು ಬಾಣಂತಿಯರಲ್ಲಿ ಸುಮಾರು 22 ಮಂದಿಗೆ ಇದರ ಬಾಧೆ. ಗಾಳಿ ಸೋಕಿತೆಂದು ತಾಯಿತ ಕಟ್ಟಿಸಿ ಕಾಲ ಕಳೆಯುವ ಮನೆಗಳು ಈಗಲೂ ಇವೆ.

ಇದಕ್ಕೂ ನಾವು ಉಣ್ಣುವ ಎಣ್ಣೆಗೂ ಏನು ಸಂಬಂಧ? ಮೆದುಳಿನ ರಚನೆಗೆ ಬೇಕಾದ ಮೇದಾಮ್ಲಗಳಲ್ಲಿ ಡಿ.ಎಚ್.ಎ. ಎಂಬುದು ಮುಖ್ಯ. ಇದು ಒಮೇಗಾ-3 ಗುಂಪಿಗೆ ಸೇರಿದ್ದು. ಕೂಸು ಇದನ್ನು ಗರ್ಭದಲ್ಲಿ ತಾಯಿಯ ರಕ್ತದಿಂದಲೂ ಹುಟ್ಟಿದ ಮೇಲೆ ಎದೆಹಾಲಿನಿಂದಲೂ ಪಡೆಯುತ್ತದೆ. ಹಾಗಾಗಿ ತಾಯಿಯಲ್ಲಿ ಇದು ಕಡಿಮೆಯಾಗಿ ಮನಸ್ಸು ಕುಗ್ಗುತ್ತದೆಯೇ ಎಂಬ ಸಂದೇಹ ವಿಜ್ಞಾನಿಗಳಿಗೆ ಬಂದಿತು. 2002ರಲ್ಲಿ ಅಮೆರಿಕದ ಜೋಸೆಫ್ ಹಿಬ್ಬೆಲ್ನ್ ಎಂಬುವರು 23 ದೇಶಗಳ ಅಂಕಿಅಂಶಗಳನ್ನು ಹೋಲಿಸಿ, ಮೀನು ಹೆಚ್ಚು ತಿನ್ನುವ ದೇಶಗಳಲ್ಲಿ ಬಾಣಂತಿಯರ ಖಿನ್ನತೆ ಕಡಿಮೆಯೆಂದು ತೋರಿಸಿದರು.

ಆದರೆ ದೇಶದೇಶಗಳ ನಡುವಿನ ವ್ಯತ್ಯಾಸ ಮೀನೊಂದೇ ಅಲ್ಲವಷ್ಟೆ. ಗೊಬ್ಬರದ ಗುಣ ತಿಳಿಯಲು ಪಕ್ಕದಲ್ಲಿಯೇ ಗೊಬ್ಬರ ಹಾಕದ ತಾಕೊಂದನ್ನು ಬಿಡುತ್ತೇವಲ್ಲವೇ? ಅಂಥ ಪ್ರಯೋಗ ಆಸ್ಟ್ರೇಲಿಯಾದಲ್ಲಿ ನಡೆಯಿತು. ಸುಮಾರು 2,400 ಗರ್ಭಿಣಿಯರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 800 ಮಿಲಿಗ್ರಾಂ ಡಿ.ಎಚ್.ಎ. ಇರುವ ಮೀನೆಣ್ಣೆ, ಉಳಿದವರಿಗೆ ಸಸ್ಯದ ಎಣ್ಣೆ ಕೊಟ್ಟರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಖಿನ್ನತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ದುಬಾರಿ ಗುಳಿಗೆ ನುಂಗಿದರೆ ಬಾಣಂತಿಯ ಮನಸ್ಸು ಸರಿಹೋಗುತ್ತದೆಂದು ಯಾರಾದರೂ ಹೇಳಿದರೆ ಹಣ ಕಳೆದುಕೊಳ್ಳಬೇಡಿ.

ಹಾಗೆಂದು ಒಮೇಗಾ-3 ಬೇಡವೆಂದಲ್ಲ. ಗರ್ಭಿಣಿಯರಿಗೆ ಇದನ್ನು ಕೊಟ್ಟರೆ ದಿನ ತುಂಬುವ ಮೊದಲೇ ಆಗುವ ಹೆರಿಗೆಗಳು ಸ್ವಲ್ಪ ಕಡಿಮೆಯಾಗುತ್ತವೆ ಎಂದು 2018ರ ಪರಿಶೀಲನೆಯಿಂದ ತಿಳಿದಿದೆ. ಕರಾವಳಿಯವರಿಗೆ ಬೂತಾಯಿ, ಬಂಗುಡೆಗಳಲ್ಲಿ ಡಿ.ಎಚ್.ಎ. ಸಿದ್ಧವಾಗಿಯೇ ಇದೆ. ಬಯಲುಸೀಮೆಯವರಿಗೆ ಅಗಸೆ ಉಂಟು. ಅಗಸೆ ಬೀಜದಲ್ಲಿ ನೂರಕ್ಕೆ 40ರಷ್ಟು ಎಣ್ಣೆ. ಆ ಎಣ್ಣೆಯಲ್ಲಿ ಸುಮಾರು ಅರ್ಧ ಭಾಗ ಒಮೇಗಾ-3. ಶೇಂಗಾ, ಸೂರ್ಯಕಾಂತಿ, ಕುಸುಬೆ ಎಣ್ಣೆಗಳಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ. ಆದರೆ ಅಗಸೆಯಲ್ಲಿರುವುದು ಬೇರೆ ರೂಪದ ಆಮ್ಲ. ಅದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ದೇಹವು ಡಿ.ಎಚ್.ಎ. ಆಗಿ ಮಾರ್ಪಡಿಸಬಲ್ಲದು. ಇಡೀ ಬೀಜ ಜೀರ್ಣವಾಗದೆ ಹೊರಹೋಗುವುದರಿಂದ ಹುರಿದು ಪುಡಿ ಮಾಡಬೇಕು. ಪುಡಿ ಬೇಗ ಕಮಟು ಹಿಡಿಯುತ್ತದೆ, ವಾರಕ್ಕಾಗುವಷ್ಟೇ ಕುಟ್ಟಿ. ರೊಟ್ಟಿಯ ಜೊತೆ ಒಂದು ಚಮಚ ಚಟ್ನಿಪುಡಿ ಸಾಕು. ಗರ್ಭಿಣಿಯರು ಇದಕ್ಕಿಂತ ಹೆಚ್ಚು ತಿನ್ನುವ ಮೊದಲು ವೈದ್ಯರನ್ನು ಕೇಳಲಿ.

ಖಿನ್ನತೆಗೆ ಚಿಕಿತ್ಸೆ ಬೇರೆಯೇ ಇದೆ. ಆಶಾ ಕಾರ್ಯಕರ್ತೆಗೆ ತಿಳಿಸಿ, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಹಾಲೂಡಿಸುವಾಗಲೂ ಕೊಡಬಹುದಾದ ಔಷಧಿಗಳಿವೆ. ತನಗಾಗಲಿ ಕೂಸಿಗಾಗಲಿ ಅಪಾಯ ಮಾಡಿಕೊಳ್ಳುವ ಮಾತನ್ನು ಆಕೆ ಆಡಿದರೆ ಒಬ್ಬಳನ್ನೇ ಬಿಡದೆ ಅಂದೇ ಆಸ್ಪತ್ರೆಗೆ ಸೇರಿಸಿ. ಇಲ್ಲಿ ಕುಳಿತಿರುವ ಗಂಡಸರಿಗೂ ಒಂದು ಕೆಲಸವಿದೆ: ಹಾಲು ಕುಡಿದ ಕೂಸನ್ನು ರಾತ್ರಿ ನೀವು ಎತ್ತಿಕೊಂಡರೆ ಆಕೆ ಸ್ವಲ್ಪ ಹೊತ್ತಾದರೂ ನಿದ್ದೆ ಮಾಡಿಯಾಳು.