ಮಳೆಗಾಲದ ಬ್ಯಾಟರಿ

ಕಕ್ಕಡದ ಗಾಳಿಗೆ ಮರವೊಂದು ತಂತಿಯ ಮೇಲೆ ಉರುಳಿತೆಂದರೆ ಕೊಡಗಿನ ತೋಟದ ಮನೆಗಳಲ್ಲಿ ಕತ್ತಲೆ. ಗುಡ್ಡಗಳೇ ಕುಸಿದ 2018ರ ಆಗಸ್ಟನ್ನು ನಾವಾರೂ ಮರೆಯುವಂತಿಲ್ಲ. ಇಂಥ ದಿನಗಳಿಗೆಂದು ಕೆಲವರು ಒಂದು ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು ಜೋಡಿಸಿ, ಮೊಹರಾದ ಸೀಸ-ಆಮ್ಲ ಬ್ಯಾಟರಿಗೆ ಮನೆಯಲ್ಲೇ ಚಾರ್ಜರು ಮಾಡಿಕೊಳ್ಳುತ್ತಾರೆ. ಆ ಜಾಣ್ಮೆಯನ್ನು ಮೆಚ್ಚುತ್ತಲೇ ಒಂದು ಮಾತು ಹೇಳಬಯಸುತ್ತೇನೆ.

1859ರಲ್ಲಿ ಗಾಸ್ತೋನ್ ಪ್ಲಾಂಟೆ ರೂಪಿಸಿದ ಬ್ಯಾಟರಿಯ ಈ ವಂಶಜನಿಗೆ ನೀರೆರೆಯಲು ಬಾಯಿಲ್ಲ. ಅತಿಯಾಗಿ ಉಣಿಸಿದರೆ ಒಳಗಿನ ನೀರು ಅನಿಲವಾಗಿ ಕವಾಟದಿಂದ ಹೊರಬೀಳುತ್ತದೆ, ಮರಳಿ ಬಾರದು. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇರಿಸಿದರೆ ಫಲಕಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗುತ್ತದೆ.

ಆದ್ದರಿಂದ ಡಯೋಡುಗಳ ಮುಂದೆ ಎಲ್‌ಎಂ 317ರಂಥ ನಿಯಂತ್ರಕವಿರಲಿ, ಜೊತೆಗೊಂದು ಫ್ಯೂಸು. 12 ವೋಲ್ಟಿನ ಬ್ಯಾಟರಿಯನ್ನು ಸದಾ ಜೋಡಿಸಿಯೇ ಇಡುವುದಾದರೆ ಸುಮಾರು 13.6 ವೋಲ್ಟು ಸಾಕು. 7 ಆಂಪಿಯರ್-ಗಂಟೆಯದಕ್ಕೆ ಪ್ರವಾಹ 0.7 ಆಂಪಿಯರಿನ ಆಸುಪಾಸಿನಲ್ಲಿರಲಿ. ಈ ಲೆಕ್ಕ 25 ಡಿಗ್ರಿಯ ಬೆಚ್ಚಗಿನ ಕೋಣೆಗೆ. ಮಡಿಕೇರಿಯ 15 ಡಿಗ್ರಿಯ ಚಳಿಗೆ ಇನ್ನೊಂದು 0.2 ವೋಲ್ಟು ಬೇಕು.

ಇದೆಲ್ಲವನ್ನೂ ಮಳೆ ಹಿಡಿಯುವ ಮುನ್ನ ಮಾಡಿ, ಒಂದು ರಾತ್ರಿ ದೀಪ ಉರಿಸಿ ನೋಡಿರಿ. ತಂತಿ ಕಡಿದ ಮೇಲೆ ಚಾರ್ಜರಿಗೂ ವಿದ್ಯುತ್ತಿರುವುದಿಲ್ಲ.