ಮಡಿಚಿದ ಹಾಳೆ

ಎಸ್ಸೆಸ್ಸೆಲ್ಸಿ ಬರೆದವರಿಗೆಲ್ಲ ನೆನಪಿರುತ್ತದೆ: ಉತ್ತರ ಪತ್ರಿಕೆಯೊಳಗೆ ಎಲ್ಲೂ ಹೆಸರು ಬರೆಯಬಾರದು. ಬರೆದವನು ಯಾರ ಮಗ, ಯಾವ ಕೇರಿಯವನು ಎಂಬುದು ತಿದ್ದುವವರಿಗೆ ತಿಳಿಯಕೂಡದು. ಕೆಲಸದ ಅರ್ಜಿಗೂ ಇದೇ ನಿಯಮ ಯಾಕಿಲ್ಲ? ಬಹಳ ವರ್ಷ ನಾನು ಹೋದಲ್ಲೆಲ್ಲ ಈ ವಾದ ಹೂಡಿದ್ದೇನೆ. ಇವತ್ತೂ ಅದೊಂದನ್ನೇ ಹಿಡಿದು ಮಾತಾಡುತ್ತೇನೆ.

ವಾದಕ್ಕೆ ಆಧಾರವಿತ್ತು. ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಬಾಸ್ಟನ್, ಷಿಕಾಗೋಗಳ ಕಂಪನಿಗಳಿಗೆ ಸುಮಾರು 5,000 ಕಲ್ಪಿತ ಅರ್ಜಿ ಕಳಿಸಿ, ಕಂಡದ್ದನ್ನು 2004ರಲ್ಲಿ ಪ್ರಕಟಿಸಿದರು. ಎಮಿಲಿ, ಗ್ರೆಗ್ ಎಂಬ ಬಿಳಿಯರ ಹೆಸರಿದ್ದರೆ ಹತ್ತು ಅರ್ಜಿಗೊಂದು ಕರೆ. ಲಕೀಶಾ, ಜಮಾಲ್ ಎಂಬ ಕಪ್ಪು ಜನರ ಹೆಸರಿದ್ದರೆ ಹದಿನೈದಕ್ಕೊಂದು. ಓದು, ಅನುಭವ ಎಲ್ಲ ಒಂದೇ. ನಮ್ಮಲ್ಲಿ? 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಆಟ್‌ವೆಲ್ ಖಾಸಗಿ ಕಂಪನಿಗಳ ಪತ್ರಿಕಾ ಜಾಹೀರಾತುಗಳಿಗೆ ಹೀಗೆಯೇ ಅರ್ಜಿ ಹಾಕಿ ನೋಡಿದ್ದನ್ನು ಬರೆದರು. ಮೇಲ್ಜಾತಿಯ ಹೆಸರಿಗೆ ಹೋಲಿಸಿದರೆ ಕರೆ ಬರುವ ಸಂಭವ ದಲಿತ ಹೆಸರಿಗೆ ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲಿನ ಆಸುಪಾಸು. ಸಂವಿಧಾನದ 16ನೇ ವಿಧಿ ಕಾಯುವುದು ಸರ್ಕಾರಿ ನೌಕರಿಯನ್ನು. ಖಾಸಗಿ ಮೇಜಿನವರೆಗೆ ಅದರ ಕೈ ಚಾಚುವುದಿಲ್ಲ.

ಆಮೇಲೆ ಫ್ರಾನ್ಸಿನ ವಿಚಾರ ಓದಿದೆ. 50ಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಹೆಸರು ಮುಚ್ಚಿಯೇ ಅರ್ಜಿ ನೋಡಬೇಕೆಂದು 2006ರಲ್ಲಿ ಅಲ್ಲಿ ಕಾನೂನಾಯಿತು, ಆದರೆ ಜಾರಿಯಾಗಲಿಲ್ಲ. ಬದಲಿಗೆ 2009-10ರಲ್ಲಿ, ಒಪ್ಪಿ ಮುಂದೆ ಬಂದ ಕಂಪನಿಗಳಲ್ಲಿ ಪ್ರಯೋಗ ನಡೆಯಿತು. ಹೆಸರಿದ್ದಾಗ ವಲಸಿಗರ ಮಕ್ಕಳಿಗೂ ಬಡ ಬಡಾವಣೆಯವರಿಗೂ ಹತ್ತು ಅರ್ಜಿಗೆ ಒಂದು ಸಂದರ್ಶನ ಸಿಗುತ್ತಿತ್ತು. ಹೆಸರು, ವಿಳಾಸ ಮುಚ್ಚಿದ ಮೇಲೆ ಇಪ್ಪತ್ತೆರಡಕ್ಕೆ ಒಂದು! ಎರಡು ಸಲ ಓದಿದರೂ ನಂಬಿಕೆ ಬರಲಿಲ್ಲ. ತಾವಾಗಿ ಒಪ್ಪಿ ಬಂದ ಕಂಪನಿಗಳು ಮೊದಲೇ ಮನಸ್ಸು ತೆರೆದವು; ಅರ್ಜಿದಾರನ ಹಿನ್ನೆಲೆ ತಿಳಿದರೆ ಓದಿನ ನಡುವಿನ ಖಾಲಿ ವರ್ಷವನ್ನು ಮನ್ನಿಸುತ್ತಿದ್ದವು, ಮುಚ್ಚಿದರೆ ಆ ಖಾಲಿ ವರ್ಷವಷ್ಟೇ ಕಾಣುತ್ತಿತ್ತು ಎಂಬುದು ಸಂಶೋಧಕರು ಕೊಟ್ಟ ಒಂದು ವಿವರಣೆ.

ಆಗ ನೆನಪಾದವರು ನಮ್ಮ ಹೈಸ್ಕೂಲಿನ ಕನ್ನಡ ಮೇಷ್ಟ್ರು. ಅರ್ಧವಾರ್ಷಿಕ ಪರೀಕ್ಷೆಯ ಕಟ್ಟನ್ನು ನಾವೇ ಅವರ ಮನೆಗೆ ಹೊತ್ತೊಯ್ಯುತ್ತಿದ್ದೆವು. ಜಗಲಿಯಲ್ಲಿ ಕೂತು, ಪ್ರತಿ ಪತ್ರಿಕೆಯ ಹೆಸರಿನ ಭಾಗವನ್ನು ಹಿಂದಕ್ಕೆ ಮಡಿಚಿ ಉಗುರಿನಿಂದ ಗೀರಿ, ಆಮೇಲೆ ಕೆಂಪು ಪೆನ್ನು ತೆಗೆಯುತ್ತಿದ್ದರು. ಒಂದು ಪತ್ರಿಕೆಗೆ 50ಕ್ಕೆ 11 ಕೊಟ್ಟರು. ಅಂಕಪಟ್ಟಿಗೆ ಏರಿಸಲು ಮಡಿಕೆ ಬಿಚ್ಚಿದರೆ, ಹುಡುಗ ಕಲ್ಲು ಕ್ವಾರಿಯ ಗುಡಿಸಲಿನವನು. ಮನೆಯಲ್ಲಿ ತಮಿಳು, ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಶಾಲೆಯಲ್ಲಿ ಮಾತ್ರ. ಮೇಷ್ಟ್ರು ಪತ್ರಿಕೆಯನ್ನು ಮತ್ತೆ ಮೊದಲಿಂದ ಓದಿದರು. "ಒತ್ತು ಬಿಟ್ಟಿದಾನೆ ಕಣ್ರೋ, ವಿಷಯ ಬಿಟ್ಟಿಲ್ಲ" ಎಂದು 11 ಹೊಡೆದುಹಾಕಿ 24 ಬರೆದರು. ಮುಂದಿನ ಪತ್ರಿಕೆಯನ್ನು ಎಂದಿನಂತೆ ಮಡಿಚಿಯೇ ಎತ್ತಿಕೊಂಡರು.

ಹಾಗಾದರೆ ಅರ್ಜಿಯ ಹೆಸರು ಮುಚ್ಚಬೇಕೋ, ಬೇಡವೋ? ಇಂಥ ಮೇಷ್ಟ್ರ ಕೈಗೆ ಹೋಗುವುದಾದರೆ ಹೆಸರಿರಲಿ ಎನ್ನುತ್ತೇನೆ. ಆದರೆ ತನ್ನ ಅರ್ಜಿ ಯಾರ ಮೇಜಿಗೆ ಹೋಗುತ್ತದೆಂದು ಅದನ್ನು ಹಾಕುವ ಹುಡುಗಿಗೆ ಗೊತ್ತಾಗುವುದು ಹೇಗೆ? ಅವತ್ತು ಇನ್ನೊಬ್ಬ ಹುಡುಗನಿಗೂ 11 ಬಂದಿತ್ತು. ಅವನ ಹೆಸರು ಮೇಷ್ಟ್ರಿಗೆ ಏನನ್ನೂ ಹೇಳಲಿಲ್ಲ. ಅವನ ಪತ್ರಿಕೆಯನ್ನೂ ಅವರು ಇನ್ನೊಮ್ಮೆ ಓದಬೇಕಿತ್ತೇ?